ಖಾಲಿ ಕೊಡದ ಅರ್ಥ

ಈ ವರ್ಷ ನಮ್ಮ ಕಾಲೇಜಿನ ಸಾಂಸ್ಕೃತಿಕ ಸಂಘದವರು ಏರ್ಪಡಿಸಿದ ಕಿರುಚಿತ್ರಗಳ ಸ್ಪರ್ಧೆಗೆ ದ್ವಿತೀಯ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ತಾನೇ ತೆಗೆದ ಆರು ನಿಮಿಷದ ವಿಡಿಯೋ ಒಂದನ್ನು ತಂದಿದ್ದಳು. ಅದರಲ್ಲಿ ಮಾತಿಲ್ಲ. ಬೀದಿಯ ನಲ್ಲಿಯ ಮುಂದೆ ಸಾಲಾಗಿಟ್ಟ ಪ್ಲಾಸ್ಟಿಕ್ ಕೊಡಗಳು. ಅವುಗಳ ನಡುವೆ ಕಂಠ ಸೀಳಿದ ಒಂದು ನೀಲಿ ಕೊಡ. ಮುಂದಿನ ಕೊಡಗಳು ತುಂಬಿ ಹೋಗುತ್ತವೆ. ಹಿಂದಿನವೂ ನೀಲಿ ಕೊಡವನ್ನು ದಾಟಿ, ತುಂಬಿಕೊಂಡು ಹೋಗುತ್ತವೆ. ನಲ್ಲಿ ನಿಲ್ಲುತ್ತದೆ. ನೀಲಿ ಕೊಡ ಬಿಸಿಲಿನಲ್ಲಿ ಒಂಟಿಯಾಗಿ ಉಳಿಯುತ್ತದೆ. ಅಲ್ಲಿಗೆ ಚಿತ್ರ ಮುಗಿಯಿತು.

ಅನಂತರ ಚರ್ಚೆ. ನೀಲಿ ಬಣ್ಣ ಅನಂತತೆಯ ಸಂಕೇತವೆಂದರು ಒಬ್ಬರು. ಸೀಳಿದ ಕಂಠ ದನಿ ಕಳೆದುಕೊಂಡ ಸ್ತ್ರೀಯದೆಂದರು ಇನ್ನೊಬ್ಬರು. ನಾನೂ ಎದ್ದು ನಿಂತು, ಇದು ಆಧುನಿಕ ಮಾನವನ ಆತ್ಮದ ರಿಕ್ತತೆ ಎಂದು ಘೋಷಿಸಿದೆ. ಚಪ್ಪಾಳೆಯೂ ಬಿತ್ತು. ಆಗ ಆ ಹುಡುಗಿ ಮೆಲ್ಲಗೆ ಹೇಳಿದಳು: “ಅದು ನಮ್ಮಮ್ಮನ ಕೊಡ, ಅಣ್ಣ. ಅಮ್ಮ ಕೂಲಿಗೆ ಹೋಗುವಾಗ ಸಾಲಿನಲ್ಲಿ ಇಟ್ಟು ಹೋಗ್ತಾರೆ. ಕೊಡ ಇದ್ದರೆ ಪಾಳಿ ಇರುತ್ತೆ ಅಂತ. ಪಾಳಿ ಬಂದಾಗ ತುಂಬಿಸೋಕೆ ಯಾರೂ ಇರಲ್ಲ.”

ಚಪ್ಪಾಳೆ ತಟ್ಟಿಸಿಕೊಂಡ ನನಗೆ ತಲೆ ಎತ್ತುವುದು ಕಷ್ಟವಾಯಿತು. ನಾನೂ ನಲ್ಲಿಯ ಸಾಲು ಕಂಡು ಬೆಳೆದವನೇ. ಕೊಡವಿಟ್ಟು ಪಾಳಿ ಹಿಡಿಯುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಪರದೆಯ ಮೇಲೆ ಕಂಡೊಡನೆ ಅದು ನನಗೆ ಕೊಡವಾಗಿ ಉಳಿಯಲಿಲ್ಲ. ಅರ್ಥ ಹುಡುಕುವ ಆತುರದಲ್ಲಿ ನೀರಿಲ್ಲದ್ದನ್ನೇ ಮರೆತೆ.

ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿತತ್ತ್ವವನ್ನು ಪ್ರತಿಪಾದಿಸುವಾಗ ಸೊಗಸಾದ ಹೋಲಿಕೆಯೊಂದನ್ನು ಕೊಡುತ್ತಾನೆ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜತನ ಮಾಡುವಂತೆ, ವ್ಯಂಗ್ಯಾರ್ಥ ಬಯಸುವವನು ವಾಚ್ಯಾರ್ಥವನ್ನು ಆದರಿಸಬೇಕು. ನಾವು ಪರೀಕ್ಷೆಗಾಗಿ ಧ್ವನಿಯನ್ನು ಕಂಠಪಾಠ ಮಾಡುತ್ತೇವೆ. ದೀಪವನ್ನು ಮಾತ್ರ ಆರಿಸಿಬಿಡುತ್ತೇವೆ.

ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದಲ್ಲಿಯೂ ಘಟವಿದೆ. ಬದುಕಿರುವ ಮಗಳನ್ನು ಸತ್ತವಳೆಂದು ಎಣಿಸಿ ತಂದೆಯೇ ಶ್ರಾದ್ಧ ಮಾಡುವ ವಿಧಿ ಅದು. ಆ ವಿಧಿಯನ್ನು ಅರಿಯದೆ ಒಡೆದ ಮಡಕೆಯಲ್ಲಿ ಬೇರೇನನ್ನೋ ಕಾಣುವವನಿಗೆ ಯಮುನಕ್ಕನ ಪಾಡು ಮುಟ್ಟುವುದು ಹೇಗೆ?

ಹಾಗಾದರೆ ಚಿತ್ರ ತೆಗೆದವರು ಹೇಳಿದಷ್ಟೇ ಅರ್ಥವೆ ಎಂದು ಯಾರಾದರೂ ಕೇಳಬಹುದು. ಅಲ್ಲ. ರಷ್ಯದ ಲೆವ್ ಕುಲೆಶೋವ್ ಭಾವವಿಲ್ಲದ ಒಂದೇ ಮುಖದ ಚಿತ್ರವನ್ನು ಒಮ್ಮೆ ಊಟದ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿದ. ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ನೋಡುವವನು ತನ್ನ ಪಾಲನ್ನು ಸೇರಿಸಿಯೇ ಸೇರಿಸುತ್ತಾನೆ. ಆದರೆ ಎಲ್ಲಿ ನಿಂತು ಸೇರಿಸುತ್ತಾನೆ ಎಂಬುದೇ ಪ್ರಶ್ನೆ.

ಇದಕ್ಕೆ ಅಂದಿನ ಸಭೆಯೇ ಸಾಕ್ಷಿ. ಅದುವರೆಗೆ ಸುಮ್ಮನಿದ್ದ ನಮ್ಮ ಅಧ್ಯಾಪಕಿಯೊಬ್ಬರು ಕೇಳಿದರು: “ಆ ದಿನ ನೀನು ಅಲ್ಲೇ ಇದ್ದೆಯಲ್ಲಮ್ಮ, ನೀನೇ ಯಾಕೆ ತುಂಬಿಸಲಿಲ್ಲ?” ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ಬೇರೆ ದಿನ ಆ ಹೊತ್ತಿಗೆ ನಾನು ಇಲ್ಲಿ ಕ್ಲಾಸಿನಲ್ಲಿ ಇರ್ತೀನಿ, ಮೇಡಂ. ನಾನಿಲ್ಲದಾಗ ಏನಾಗುತ್ತೆ ಅಂತ ನೋಡಬೇಕಾಗಿತ್ತು.”

ಆ ಕೊಡದ ಖಾಲಿತನದಲ್ಲಿ ಒಬ್ಬ ಮಗಳ ಓದಿನ ಬೆಲೆಯೂ ಇತ್ತು. ನನ್ನ ‘ರಿಕ್ತತೆ’ಗಿಂತ ಇದು ಎಷ್ಟೋ ಆಳವಾದ ಅರ್ಥ. ಅಧ್ಯಾಪಕಿಯವರು ಅದನ್ನು ಹೊರಗಿನಿಂದ ತಂದು ಹೇರಲಿಲ್ಲ. ಕೊಡವನ್ನು ಕೊಡವೆಂದೇ ನೋಡಿ, ಅದನ್ನು ಯಾರು ತುಂಬಿಸಬೇಕಾಗಿತ್ತೆಂದು ಕೇಳಿದರು, ಅಷ್ಟೆ. ನಿಜ ಹೇಳುವುದಾದರೆ, ಸಂಕೇತವನ್ನು ನಾವು ಸೃಷ್ಟಿಸಬೇಕಾಗಿಯೇ ಇರಲಿಲ್ಲ. ಮನುಷ್ಯರ ಬದಲಿಗೆ ಕೊಡವನ್ನು ನಿಲ್ಲಿಸುವ ಪದ್ಧತಿಯನ್ನು ನಮ್ಮ ಊರುಕೇರಿಗಳೇ ಮಾಡಿಕೊಂಡಿವೆ. ಆ ತಾಯಿ ತನ್ನ ಬದಲು ಕೊಡವನ್ನು ನಿಲ್ಲಿಸಿದಳು; ಸಾಲು ಅದನ್ನು ದಾಟಿಹೋಯಿತು. ನಮ್ಮ ಮಾತೂ ಅದನ್ನು ದಾಟಿಹೋಯಿತು.

ಮುಂದಿನ ವರ್ಷವೂ ಸ್ಪರ್ಧೆ ನಡೆಯಲಿ, ಚರ್ಚೆ ಇನ್ನೂ ಜೋರಾಗಿ ನಡೆಯಲಿ. ಸಹಪಾಠಿಗಳಲ್ಲಿ ನನ್ನದೊಂದೇ ಬಿನ್ನಹ: ‘ಇದು ಯಾವುದರ ಸಂಕೇತ?’ ಎಂದು ಕೇಳುವ ಮುನ್ನ ‘ಇದು ಯಾರದು? ಇಲ್ಲೇಕಿದೆ?’ ಎಂದು ಕೇಳೋಣ. ನಾನಂತೂ ಇನ್ನು ಮೇಲೆ ಹಾಗೆ ಕೇಳಿಯೇ ಮಾತಿಗೆ ಏಳುವವನು.