ಅದೇ ಟ್ಯೂಬ್ ಕೊಡಿ ಎನ್ನುವ ಮುನ್ನ

ಮಕ್ಕಳ ತಂದೆತಾಯಿಯರಲ್ಲಿ, ಅಜ್ಜಿ ತಾತಂದಿರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ, ಮೆಡಿಕಲ್ ಶಾಪ್ ನಡೆಸುವವರಲ್ಲಿ ಒಬ್ಬ ಚರ್ಮರೋಗ ವೈದ್ಯೆಯ ಬಿನ್ನಹ ಇದು. ಸೋರಿಯಾಸಿಸ್ ಇರುವ ಮಗು ನಮ್ಮ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಸಲ ವರ್ಷವೇ ಕಳೆದಿರುತ್ತದೆ. ಅಷ್ಟರಲ್ಲಿ ತಲೆಹೊಟ್ಟೆಂದು ನಾಲ್ಕಾರು ಶಾಂಪೂ ಬದಲಾಗಿರುತ್ತವೆ, ನಾಗದೋಷವೆಂದು ಕುಕ್ಕೆಗೆ ಹೋಗಿಬಂದಾಗಿರುತ್ತದೆ, ಗಜಕರ್ಣವೆಂದು ಅಂಗಡಿಯ ಮುಲಾಮು ತಿಕ್ಕಿ ತಿಕ್ಕಿ ಸಾಕಾಗಿರುತ್ತದೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಮುಲಾಮಿನ ಬಗ್ಗೆ.

ಸೋರಿಯಾಸಿಸ್ ಹೊರಗಿನಿಂದ ಬಂದ ಹುಳುವಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಹದ ತಪ್ಪಿ ಚರ್ಮವನ್ನು ಕೆರಳಿಸುತ್ತದೆ. ಸುಮಾರು ಒಂದು ತಿಂಗಳಲ್ಲಿ ಹುಟ್ಟಿ ಉದುರಬೇಕಾದ ಚರ್ಮಕೋಶಗಳು ನಾಲ್ಕೈದು ದಿನಕ್ಕೇ ಮೇಲೆ ಬಂದು ಪದರ ಪದರವಾಗಿ ಕೂರುತ್ತವೆ. ಪುಸ್ತಕಗಳಲ್ಲಿ ಮಚ್ಚೆ ಕೆಂಪಗಿರುತ್ತದೆ ಎಂದಿರುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಅದು ನೇರಳೆಯಾಗಿಯೋ ಬೂದಾಗಿಯೋ ಕಾಣುವುದೇ ಹೆಚ್ಚು. ಒಟ್ಟು ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಇದು ಬಾಲ್ಯ ಅಥವಾ ಹದಿಹರೆಯದಲ್ಲೇ ಶುರುವಾಗುತ್ತದೆ. ವಂಶವಾಹಿಯ ಪಾತ್ರವಿದೆ, ಆದರೆ ಹಿಂದೆ ಯಾರಿಗೂ ಇಲ್ಲದ ಮನೆಯಲ್ಲೂ ಬರುತ್ತದೆ. ಸೊಸೆಯ ತವರಿನ ಕಡೆ ಬೆರಳು ತೋರಿಸುವುದನ್ನು ದಯವಿಟ್ಟು ಬಿಡಿ. ಕೆಲವು ಮಕ್ಕಳಿಗೆ ಗಂಟಲು ನೋವು, ಜ್ವರ ಬಂದುಹೋದ ಎರಡು ಮೂರು ವಾರಕ್ಕೆ ಮಳೆಹನಿ ಸಿಡಿದಂತೆ ಮೈತುಂಬ ಪುಟ್ಟ ಪುಟ್ಟ ಮಚ್ಚೆಗಳು ಏಳುತ್ತವೆ. ಇಂಥದ್ದು ಎಷ್ಟೋ ಬಾರಿ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಯಾವ ಕಷಾಯ ನಡೆದಿತ್ತೋ ಅದಕ್ಕೆ ಕೀರ್ತಿ!

ಇನ್ನು ಮುಲಾಮಿನ ವಿಷಯ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಟ್ಯೂಬುಗಳಲ್ಲಿ ಬಹಳಷ್ಟರಲ್ಲಿ ಕ್ಲೋಬೆಟಸಾಲ್‌ನಂಥ ಅತಿ ಪ್ರಬಲ ಸ್ಟೀರಾಯ್ಡ್ ಇರುತ್ತದೆ, ಜೊತೆಗೆ ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು ಔಷಧ. ಹಚ್ಚಿದ ಎರಡು ಮೂರು ದಿನಕ್ಕೆ ತುರಿಕೆ ನಿಲ್ಲುತ್ತದೆ, ಮಚ್ಚೆ ಮಸುಕಾಗುತ್ತದೆ. ಮೋಸ ಇರುವುದೇ ಅಲ್ಲಿ. ಬಿಟ್ಟರೆ ಮತ್ತೆ ಬರುತ್ತದೆ, ಮತ್ತೆ ಹಚ್ಚುತ್ತಾರೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಮೈಯ ಹರವು ದೊಡ್ಡದು, ಚರ್ಮವೂ ತೆಳು. ಆದ್ದರಿಂದ ಮೇಲೆ ಹಚ್ಚಿದ್ದು ರಕ್ತಕ್ಕೂ ಇಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಸವೆಯುತ್ತದೆ, ಹದಿಹರೆಯದವರ ತೊಡೆಯ ಮೇಲೆ ಅಳಿಸಲಾಗದ ಗೆರೆಗಳು ಮೂಡುತ್ತವೆ, ಬೆಳವಣಿಗೆಗೂ ಪೆಟ್ಟು ಬೀಳಬಹುದು. ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಕೊಡಿಸಿ ಥಟ್ಟನೆ ನಿಲ್ಲಿಸಿದರಂತೂ ಮೈತುಂಬ ಕೀವುಗುಳ್ಳೆ ಎದ್ದು ಮಗು ವಾರ್ಡು ಸೇರಬೇಕಾದೀತು. ‘ಸೈಡ್ ಎಫೆಕ್ಟ್ ಇಲ್ಲ’ ಎಂದು ಮಾರುವ ಹೆಸರಿಲ್ಲದ ಪುಡಿಗಳಲ್ಲೂ ಕೆಲವೊಮ್ಮೆ ಇದೇ ಸ್ಟೀರಾಯ್ಡ್ ಬೆರೆತಿರುತ್ತದೆ.

ಹಾಗೆಂದು ಸ್ಟೀರಾಯ್ಡ್ ಶತ್ರುವಲ್ಲ. ನಾವೂ ಬರೆಯುತ್ತೇವೆ. ಯಾವ ಬಲದ್ದು, ಯಾವ ಜಾಗಕ್ಕೆ, ಎಷ್ಟು ದಿನ ಎಂಬುದನ್ನು ಲೆಕ್ಕ ಹಾಕಿ ಬರೆಯುತ್ತೇವೆ. ಅದರೊಡನೆ ಕ್ಯಾಲ್ಸಿಪೋಟ್ರಿಯಾಲ್ ಎಂಬ ವಿಟಮಿನ್ ಡಿ ಬಗೆಯ ಮುಲಾಮು. ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ ಟ್ಯಾಕ್ರೋಲಿಮಸ್. ಸ್ನಾನವಾದ ಕೂಡಲೇ ಮೈಗೆ ಪಸೆ ಇರಬೇಕು. ಪೆಟ್ರೋಲಿಯಂ ಜೆಲ್ಲಿಯೋ ಕೊಬ್ಬರಿ ಎಣ್ಣೆಯೋ ಸಾಕು, ದುಬಾರಿ ಕ್ರೀಮೇ ಆಗಬೇಕಿಲ್ಲ. ಹೆಚ್ಚಿನ ಮಕ್ಕಳಿಗೆ ಇಷ್ಟರಲ್ಲೇ ಹಿಡಿತ ಸಿಗುತ್ತದೆ. ಹರಡಿದ್ದರೆ ನೇರಳಾತೀತ ಬೆಳಕಿನ ಚಿಕಿತ್ಸೆ ಇದೆ. ಆದರೆ ಅದಕ್ಕೆ ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ಬರಬೇಕು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸು, ಅಪ್ಪನ ಒಂದು ದಿನದ ಕೂಲಿ, ಮಗುವಿನ ತರಗತಿ, ಎಲ್ಲವೂ ಹೋಗುತ್ತವೆ. ಇದನ್ನು ಬಲ್ಲ ವೈದ್ಯರು ಬೇರೆ ದಾರಿ ಯೋಚಿಸುತ್ತಾರೆ. ಕಷ್ಟವನ್ನು ಬಾಯಿಬಿಟ್ಟು ಹೇಳಿ, ಸುಮ್ಮನೆ ಬರುವುದನ್ನು ನಿಲ್ಲಿಸಬೇಡಿ. ಮೆಥೊಟ್ರೆಕ್ಸೇಟ್ ಅಗ್ಗದ, ಹಳೆಯ, ಒಳ್ಳೆಯ ಮಾತ್ರೆ. ಆಗಾಗ ರಕ್ತಪರೀಕ್ಷೆ ಬೇಕು. ಅದನ್ನು ನುಂಗಬೇಕಾದ್ದು ವಾರಕ್ಕೊಂದು ದಿನ ಮಾತ್ರ. ದಿನವೂ ನುಂಗಿಸಿದರೆ ಜೀವಕ್ಕೇ ಅಪಾಯ. ಯಾವ ದಿನವೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ತೀವ್ರವಾದ ರೋಗಕ್ಕೆ ಜೈವಿಕ ಇಂಜೆಕ್ಷನ್‌ಗಳೂ ಬಂದಿವೆ. ಅಮೆರಿಕದಲ್ಲಿ 2016ರಲ್ಲಿ ಎಟನರ್ಸೆಪ್ಟ್ ಅನ್ನು 4 ವರ್ಷ ಮೇಲ್ಪಟ್ಟ ಮಕ್ಕಳಿಗೂ ಒಪ್ಪಲಾಯಿತು. ನಮ್ಮಲ್ಲಿ ಬೆಲೆಯೇ ದೊಡ್ಡ ಅಡ್ಡಿ.

ಪಥ್ಯದ ಹೆಸರಿನಲ್ಲಿ ಮಕ್ಕಳನ್ನು ಒಣಗಿಸಬೇಡಿ. ನಂಜೆಂದು ಬದನೆ ಬಿಟ್ಟರೆ ನಷ್ಟವಿಲ್ಲ. ಮೊಟ್ಟೆ, ಮೀನು, ಹಾಲು, ಬೇಳೆ ಎಲ್ಲವನ್ನೂ ಬಿಡಿಸಿದರೆ ಬೆಳೆಯುವ ಮಗು ಏನು ತಿನ್ನಬೇಕು? ಶಾಲೆಯಲ್ಲಿ ಕೊಡುವ ಮೊಟ್ಟೆ ತಿನ್ನಲಿ. ತೂಕ ಮಿತಿಮೀರದಂತೆ ನೋಡಿಕೊಳ್ಳುವುದು ಮಾತ್ರ ನಿಜಕ್ಕೂ ಮುಖ್ಯ. ಮಗು ಬೆಳಿಗ್ಗೆ ಎದ್ದಾಗ ಕುಂಟಿದರೆ, ಬೆರಳು ಊದಿಕೊಂಡರೆ ತಡಮಾಡದೆ ಹೇಳಿ. ಈ ರೋಗ ಕೀಲಿಗೂ ಇಳಿಯುತ್ತದೆ.

ಮೇಷ್ಟ್ರುಗಳೇ, ಇದು ಮುಟ್ಟಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಒಂದೇ ಬೆಂಚಿನಲ್ಲಿ ಕೂತರೆ ಅಂಟುವ ರೋಗವಲ್ಲ. ಸೋರಿಯಾಸಿಸ್ ಅಂಟುರೋಗವಲ್ಲವೆಂದೂ, ರೋಗಿಗಳು ತಾರತಮ್ಯಕ್ಕೆ ಗುರಿಯಾಗುತ್ತಿದ್ದಾರೆಂದೂ 2014ರಲ್ಲಿ ವಿಶ್ವ ಆರೋಗ್ಯ ಸಭೆಯೇ ನಿರ್ಣಯ ಮಾಡಿತು. ಆ ಸುದ್ದಿ ನಮ್ಮ ಶಾಲೆಯ ಹಿಂದಿನ ಬೆಂಚಿಗೆ ಇನ್ನೂ ಮುಟ್ಟಿಲ್ಲ. ಮಗುವನ್ನು ಅಲ್ಲಿಗೆ ಕಳಿಸುವ ಮುನ್ನ ತರಗತಿಗೆ ಎರಡು ಮಾತು ಹೇಳಿ. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಬರುವ, ಆಟದ ಪಿರಿಯಡ್ ತಪ್ಪಿಸುವ ಹುಡುಗಿಯನ್ನು ಎಲ್ಲರೆದುರು ಪ್ರಶ್ನಿಸಬೇಡಿ.

ಕೊನೆಯದಾಗಿ ಮೆಡಿಕಲ್ ಶಾಪಿನ ಅಣ್ಣಂದಿರಲ್ಲಿ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ಪಟ್ಟಿಗೆ ಸೇರಿಸಿತು. ವ್ಯಾಪಾರ ನಿಮ್ಮದು, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ಭಯವೂ ನನಗೆ ಅರ್ಥವಾಗುತ್ತದೆ. ಆದರೂ ಯಾರಾದರೂ ಖಾಲಿ ಟ್ಯೂಬು ತೋರಿಸಿ ‘ಇದೇ ಕೊಡಿ’ ಎಂದಾಗ, ಯಾರಿಗೆ ಎಂದು ಕೇಳಿ. ಮಗುವಿಗೆ ಎಂದರೆ ಚೀಟಿ ಕೇಳಿ. ಇಲ್ಲವೆಂದರೆ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಎನ್ನಿ, ಹೊರರೋಗಿಗಳನ್ನು ಯಾವ ದಿನ ನೋಡುತ್ತಾರೆಂಬುದನ್ನೂ ತಿಳಿಸಿ ಕಳಿಸಿ.