ಟ್ಯೂಬು ಕೊಡುವ ಮೊದಲು ಕಾರಣ ಕೇಳಿ

ಪುಣೆಯಲ್ಲಿರುವ ಕನ್ನಡ ಬಂಧುಗಳೇ,

ಕಾಂಗ್ರೆಸ್ ಗಿಡ ಯಾವುದೆಂದು ನಿಮಗೆ ಯಾರೂ ತೋರಿಸಬೇಕಾಗಿಲ್ಲ. ನೆರೆಯ ಮರಾಠಿಯವರು ಗಾಜರ್ ಗವತ್ ಅನ್ನುವುದೂ ಇದನ್ನೇ. ಮಳೆಗಾಲ ಮುಗಿಯುವ ಹೊತ್ತಿಗೆ ಖಾಲಿ ಸೈಟುಗಳಲ್ಲಿ, ಮುಠಾ ನದಿಯ ದಂಡೆಯಲ್ಲಿ, ರೈಲುಹಳಿಯ ಬದಿಯಲ್ಲಿ ಸೊಂಟಮಟ್ಟ ಬೆಳೆದು ಬಿಳಿ ಹೂ ಬಿಟ್ಟು ನಿಂತಿರುತ್ತದೆ. ಅದು ಮೈಗೆ ಆಗುವುದಿಲ್ಲ ಎಂಬುದೂ ನಮಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ, ಕಣ್ಣೆದುರಿಗೇ ಒಬ್ಬ ಮನುಷ್ಯ ರಕ್ತ ಬರುವ ಹಾಗೆ ಮುಖ ಕೆರೆದುಕೊಳ್ಳುತ್ತಿದ್ದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಏನೋ ಅಲರ್ಜಿ, ಯಾತಕ್ಕೋ ಗೊತ್ತಿಲ್ಲ.’ ಗೊತ್ತಿಲ್ಲವೋ, ಯಾರೂ ಕೇಳಿಲ್ಲವೋ?

ಕಳೆದ ಮಳೆಗಾಲದಲ್ಲಿ ವಾಘೋಲಿಯ ಕಡೆ ಕಟ್ಟಡವೊಂದರ ಕಾವಲಿಗಿದ್ದ ಹಿರಿಯರೊಬ್ಬರನ್ನು ಕಂಡೆ. ಕಲಬುರಗಿ ಸೀಮೆಯವರು. ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಕುತ್ತಿಗೆಯ ಚರ್ಮ ಕಪ್ಪಾಗಿ, ದಪ್ಪಗಾಗಿ, ಬಿರುಕಿನಂಥ ಗೆರೆ ಬಿದ್ದಿತ್ತು. “ಬಿಸಲಿಗಿ ಆಗೇದ ಅಂತಾರ್ರೀ. ಮೆಡಿಕಲ್‌ದಾಗ ಟ್ಯೂಬ್ ಕೊಟ್ಟಾರ. ಹಚ್ಚಿದ್ರ ನಾಕ್ ದಿನ ತಂಪ್ ಇರ್ತದ, ಬಿಟ್ರ ಮತ್ತ ಸುರು” ಅಂದರು. ದಿಂಬಿನಡಿಯಿಂದ ತೆಗೆದು ತೋರಿಸಿದ ಆ ಟ್ಯೂಬನ್ನು ಬುಡದಿಂದ ಸುರುಳಿ ಸುತ್ತಿ ಹಿಂಡಿ ಹಿಂಡಿ ಖಾಲಿ ಮಾಡಿದ್ದರು. ಮೇಲೆ ಸ್ಟಿರಾಯ್ಡಿನ ಹೆಸರಿತ್ತು. ಅವರು ಮಲಗುವ ತಗಡಿನ ಶೆಡ್ಡಿನ ಹಿಂಬದಿಗೆ ತಾಗಿಕೊಂಡೇ ಕಾಂಗ್ರೆಸ್ ಹೂ ಬಿಟ್ಟಿತ್ತು. “ಕಾಕಾ, ನೀವು ಎಲ್ಲಿ ಮಲಗ್ತೀರಿ? ಅಲ್ಲಿ ಏನು ಬೆಳದದ?” ಎಂದು ಅದುವರೆಗೆ ಒಬ್ಬರೂ ಅವರನ್ನು ಕೇಳಿರಲಿಲ್ಲ. ಔಷಧ ಕೊಟ್ಟವರೂ ಕೇಳಿರಲಿಲ್ಲ, ಕೆಲಸ ಕೊಟ್ಟವರೂ ಕೇಳಿರಲಿಲ್ಲ.

ಬರೀ ಬಿಸಿಲಿನಿಂದಾದದ್ದಾದರೆ ನೆರಳಿರುವ ಜಾಗಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ: ಮೇಲಿನ ರೆಪ್ಪೆ, ಗದ್ದದ ಕೆಳಗೆ, ಕಿವಿಯ ಹಿಂದೆ. ಗಾಳಿಯಲ್ಲಿ ಬರುವ ಧೂಳು ಬಿಸಿಲು ನೆರಳು ನೋಡುವುದಿಲ್ಲ. ಕಾಂಗ್ರೆಸ್ ಗಿಡದ ಎಲೆ, ಕಾಂಡಗಳ ಸಣ್ಣ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತು, ಗಿಡ ಒಣಗಿ ಪುಡಿಯಾದ ಮೇಲೂ ಹಾರಿಬಂದು ಆ ಸಂದುಗಳಲ್ಲೇ, ಮೊಣಕೈ ಮಡಿಕೆಯಲ್ಲೇ ಕೂಡುತ್ತದೆ. ಗದ್ದ ಎತ್ತಿಸಿ, ಕಿವಿ ಮಡಚಿ ನೋಡಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷವನ್ನು ಒಬ್ಬ ಬಡ ಕಾವಲುಗಾರನಿಗೆ ಕೊಡದೆ ಹೋದದ್ದನ್ನು ನನ್ನಿಂದ ಕ್ಷಮಿಸಲಾಗದು.

ಅದೂ ಯಾವ ಊರಿನಲ್ಲಿ? ಪುಣೆಯಲ್ಲಿ! ಈ ಗಿಡ ದೇಶದೊಳಗೆ ಕಾಲಿಟ್ಟದ್ದನ್ನು ಸಸ್ಯವಿಜ್ಞಾನಿ ಆರ್. ಎಸ್. ರಾವ್ 1956ರಲ್ಲಿ ದಾಖಲಿಸಿದ್ದು ಇದೇ ಊರಿನಲ್ಲಿ ಕಂಡು. ಅಮೆರಿಕದ ಗೋಧಿಯ ಸಂಗಡ ಬಂತು ಎಂದು ಜನ ಇವತ್ತಿಗೂ ಹೇಳುತ್ತಾರೆ. ಅದು ತರುವ ಚರ್ಮರೋಗದ ಬಗ್ಗೆ ಲೋಣ್ಕರ್ ಮತ್ತು ಸಂಗಡಿಗರು 1974ರಲ್ಲೇ ವೈದ್ಯಲೋಕದ ಮುಂದೆ ಬರೆದಿಟ್ಟರು. ಅರ್ಧ ಶತಮಾನ ಕಳೆಯಿತು. ಈ ರೋಗಕ್ಕೆ ಹೆಸರಾದ ಊರಿನಲ್ಲಿ ನಿಂತು ‘ಕಾರಣ ಗೊತ್ತಿಲ್ಲ’ ಎನ್ನಲು ನಾಲಗೆಯಾದರೂ ಹೇಗೆ ಹೊರಳುತ್ತದೆ?

ಎಲ್ಲಕ್ಕೂ ಕಾಂಗ್ರೆಸ್ಸೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹಾಗೆ ಕಣ್ಣುಮುಚ್ಚಿ ಹೇಳುವುದೂ ಕೇಳದೇ ಇರುವುದರ ಇನ್ನೊಂದು ರೂಪ. ಗೌಂಡಿಯ ಅಂಗೈ ಒಡೆದಿದ್ದರೆ ಸಿಮೆಂಟಿನೊಳಗಿನ ಕ್ರೋಮಿಯಂ ನೆನಪಾಗಬೇಕು. ಹಣೆಯ ನಡುವೆ ಮಾತ್ರ ಕೆರೆತವಿದ್ದರೆ ಬಿಂದಿಯ ಅಂಟು, ಕಿವಿಯ ಹಾಲೆಯಲ್ಲಿದ್ದರೆ ಅಗ್ಗದ ಓಲೆಯ ನಿಕ್ಕಲ್, ನೆತ್ತಿಯ ಅಂಚಿನಲ್ಲಿದ್ದರೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣ. ಎಲ್ಲಿ ಎದ್ದಿದೆ, ಯಾವ ತಿಂಗಳಲ್ಲಿ ಹೆಚ್ಚುತ್ತದೆ, ಕೆಲಸವೇನು, ರಜೆಯಲ್ಲಿ ಊರಿಗೆ ಹೋದಾಗ ಏನಾಗುತ್ತದೆ ಎಂದು ವಿಚಾರಿಸಬೇಕು. ಆಮೇಲೆ ಪ್ಯಾಚ್ ಟೆಸ್ಟ್. ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ನಮ್ಮ ದೇಶದ ಪರೀಕ್ಷಾ ಸರಣಿಯಲ್ಲಿ ಪಾರ್ಥೇನಿಯಂ, ಅಂದರೆ ಇದೇ ಕಾಂಗ್ರೆಸ್ ಗಿಡ, ಕೂಡ ಸೇರಿದೆ. ದಯವಿಟ್ಟು ಒಂದು ಮಾತು ತಿಳಿದುಕೊಳ್ಳಿ: ಸಾವಿರಾರು ರೂಪಾಯಿ ತೆತ್ತು ಮಾಡಿಸುವ ರಕ್ತದ ‘ಅಲರ್ಜಿ ಪ್ಯಾನೆಲ್’ ಹುಡುಕುವುದು ಬೇರೆ ಬಗೆಯ ಅಲರ್ಜಿಯನ್ನು. ಮುಟ್ಟಿದ್ದರಿಂದ ಎರಡು ದಿನ ತಡವಾಗಿ ಏಳುವ ಈ ಉರಿಯ ಕಾರಣ ಅದರಲ್ಲಿ ಸಿಗುವುದಿಲ್ಲ. ಸಂಬಳ ಸುರಿದು ಆ ಕಾಗದ ತಂದವರು ನಮ್ಮ ನಡುವೆ ಎಷ್ಟು ಜನ!

ಸ್ಟಿರಾಯ್ಡ್ ಮುಲಾಮು ಚೀಟಿಯಿಲ್ಲದೆ ಕೈಗೆ ಸಿಗಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಆದರೂ ‘ಕೆರೆತಕ್ಕೆ ಏನಾದ್ರೂ ಕೊಡ್ರಿ’ ಅಂದರೆ ಟ್ಯೂಬು ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಮುಖದ ಚರ್ಮ ತೆಳುವಾಗಿ ಕೆಂಪು ನರ ಎದ್ದು ಕಾಣುತ್ತದೆ, ನಿಲ್ಲಿಸಿದೊಡನೆ ಉರಿ ಇಮ್ಮಡಿಯಾಗುತ್ತದೆ. ಅಂಗಡಿಯವನನ್ನು ಬೈಯುತ್ತೇವೆ, ಸರಿ. ಮನೆಕೆಲಸದವಳಿಗೆ, ಡ್ರೈವರನಿಗೆ ‘ಇದನ್ನೇ ಹಚ್ಕೋ, ನನಗೆ ಬೇಗ ಹೋಯ್ತು’ ಎಂದು ನಮ್ಮ ಅರ್ಧ ಟ್ಯೂಬು ದಾನ ಮಾಡುವವರು ನಾವೇ ಅಲ್ಲವೇ?

ಗಿಡ ಕೀಳಬೇಕು, ನಿಜ. ಹೂ ಬಿಡುವ ಮೊದಲು, ನೆಲ ಹಸಿಯಿದ್ದಾಗ, ಬೇರುಸಮೇತ. ಆದರೆ ಸೊಸೈಟಿಯ ಸ್ವಚ್ಛತೆಯ ಹೆಸರಿನಲ್ಲಿ ಯಾದಗಿರಿಯಿಂದ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಆ ಪೊದೆಗೆ ಇಳಿಸಬೇಡಿ. ಕೈಗವಸು, ತುಂಬುತೋಳಿನ ಅಂಗಿ, ಮುಖಕ್ಕೆ ಬಟ್ಟೆ ಕೊಡಿ. ಈಗಾಗಲೇ ಕೆರೆತ ಇರುವವರನ್ನು ಆ ಕೆಲಸಕ್ಕೆ ಕರೆಯಲೇಬೇಡಿ.

ನಿಮ್ಮಿಂದ ಮಾತ್ರ ಆಗುವ ಕೆಲಸ ಇನ್ನೊಂದಿದೆ. ನಿಮಗೆ ಮರಾಠಿ ಬರುತ್ತದೆ, ನಮ್ಮ ಕಡೆಯಿಂದ ದುಡಿಯಲು ಬಂದ ಇಂಥವರಿಗೆ ಬರುವುದಿಲ್ಲ. ಓಪಿಡಿಯ ಸಾಲಿನಲ್ಲಿ ಅವರ ಪಾಳಿ ಬಂದಾಗ ‘ಖಾಜ್’ (ಕೆರೆತ) ಎಂಬ ಒಂದು ಶಬ್ದದಲ್ಲಿ ಅವರ ಕಥೆ ಮುಗಿದುಹೋಗುತ್ತದೆ. ನಿಮ್ಮ ಕಟ್ಟಡದ ಕಾವಲುಗಾರ, ಪಕ್ಕದ ಸೈಟಿನ ಗೌಂಡಿ ಕೆರೆದುಕೊಳ್ಳುತ್ತಿದ್ದರೆ ಸಸೂನಿನಂಥ ದೊಡ್ಡಾಸ್ಪತ್ರೆಯ ಚರ್ಮ ವಿಭಾಗಕ್ಕೆ ಜೊತೆಗೆ ಹೋಗಿ. ಹಚ್ಚುತ್ತಿದ್ದ ಟ್ಯೂಬು ಒಯ್ಯಿರಿ, ಮಲಗುವ ಜಾಗದ ಫೋಟೋ ತೋರಿಸಿ, ಪ್ಯಾಚ್ ಟೆಸ್ಟ್ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಆ ದಿನಗಳ ಕೂಲಿ ತಪ್ಪುತ್ತದೆಂದು ಅವರು ಹಿಂಜರಿಯುತ್ತಾರೆ. ಆ ಕೂಲಿಯನ್ನು ಸೊಸೈಟಿಯಿಂದ ಕೊಡಿಸಿ. ಮುಂದಿನ ಮಳೆಗಾಲದವರೆಗೆ ಕಾಯಬೇಡಿ, ಈ ವಾರವೇ ಕರೆದೊಯ್ಯಿರಿ.