ಯಾರ ಕೈಗೆ, ಎಷ್ಟು?

ಹೋಟೆಲಿನಲ್ಲಿ ಬಿಲ್ಲಿನ ಜೊತೆ ಸೋಂಪು, ಕಲ್ಲುಸಕ್ಕರೆಯ ತಟ್ಟೆ ಬರುತ್ತಿತ್ತು. ಉಳಿದ ಚಿಲ್ಲರೆಯೂ ಅದರಲ್ಲೇ ವಾಪಸಾಗುತ್ತಿತ್ತು. ದೊಡ್ಡ ನೋಟು ಜೇಬಿಗೆ, ಪುಡಿಗಾಸು ತಟ್ಟೆಗೆ ಎಂಬುದು ಎಲ್ಲರ ರೂಢಿ. ಎಷ್ಟು ಬಿಡಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2016ರಲ್ಲಿ ಯುಪಿಐ ಬಂತು. ಈಗ 347 ರೂಪಾಯಿ ಬಿಲ್ಲಾದರೆ ಪೈಸೆ ಹೆಚ್ಚುಕಮ್ಮಿಯಿಲ್ಲದೆ 347 ರೂಪಾಯಿ ಮಾಲೀಕರ ಖಾತೆಗೆ ಹೋಗುತ್ತದೆ. ಕೊಡಬಾರದೆಂದು ನಾವ್ಯಾರೂ ತೀರ್ಮಾನ ಮಾಡಿಲ್ಲ. ಚಿಲ್ಲರೆ ಕೈಗೆ ಬರುವುದು ನಿಂತಿತು, ಅದರ ಜೊತೆ ಕೊಡುವ ನೆನಪೂ ಹೋಯಿತು. ಸಪ್ಲೈಯರುಗಳ ಬಸ್ ಚಾರ್ಜು, ಕಾಫಿ ಖರ್ಚು ಹೊರಡುತ್ತಿದ್ದದ್ದು ಆ ಮೇಲಿನ ಕಾಸಿನಲ್ಲಿ.

ಹಾಗಾಗಿ ಈಗ ಲೆಕ್ಕ ಹಾಕಿಯೇ ಕೊಡಬೇಕು. ಲೆಕ್ಕ ಹಾಕಲು ಕೂತರೆ, ನಾವು ಇಷ್ಟು ಕಾಲ ಕೊಡುತ್ತ ಬಂದ ರೀತಿಯೇ ತಲೆಕೆಳಗಾಗಿದೆ ಅನ್ನಿಸುತ್ತದೆ. ಎಸಿ ಹಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರಿಗೆ ನಿಂತವರಿಗೆ ಹೆಚ್ಚು, ಭಾರ ಹೊತ್ತು ಬೆವರುವವರಿಗೆ ಕಡಿಮೆ, ಕಣ್ಣಿಗೆ ಬೀಳದವರಿಗೆ ಏನೂ ಇಲ್ಲ.

ಇದಕ್ಕೆ ಒಂದು ಕಾರಣ, ಬಿಲ್ಲಿನ ಹತ್ತು ಪರ್ಸೆಂಟ್ ಕೊಡಬೇಕೆಂಬ ಮಾತು. ಅಮೆರಿಕದಲ್ಲಿ ಪರ್ಸೆಂಟೇಜಿಗೆ ಅರ್ಥವಿದೆ. ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ, ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ನಡೆಯುತ್ತದೆ, ಟಿಪ್ಸ್ ಸೇರಿ 7.25 ಡಾಲರ್ ಮುಟ್ಟಬೇಕು ಅಷ್ಟೆ. 1991ರಿಂದ ಆ 2.13 ಬದಲಾಗಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ಪೂರ್ತಿ ಕನಿಷ್ಠ ವೇತನವನ್ನು ಮಾಲೀಕರಿಂದಲೇ ಕೊಡಿಸುತ್ತವೆ. ಮಗನನ್ನೋ ಮಗಳನ್ನೋ ನೋಡಲು ಹೋದ ನಮ್ಮ ಹಿರಿಯರು ಹದಿನೆಂಟು, ಇಪ್ಪತ್ತು ಪರ್ಸೆಂಟ್ ಟಿಪ್ಸನ್ನು ರೂಪಾಯಿಗೆ ಗುಣಿಸಿ ಗಾಬರಿಯಾಗುತ್ತಾರೆ. ಗಾಬರಿ ಸಹಜ. ಆದರೂ ಅಲ್ಲಿರುವಷ್ಟು ದಿನ ಕೊಡಲೇಬೇಕು, ಯಾಕೆಂದರೆ ಅಲ್ಲಿ ಬಹಳ ಕಡೆ ಅದು ಬಡಿಸಿದವರ ಸಂಬಳ.

ನಮ್ಮಲ್ಲಿ ಸಂಬಳ ಕೊಡುವ ಹೊಣೆ ಪೂರ್ತಿ ಮಾಲೀಕರದು. ಟಿಪ್ಸ್ ಗಿರಾಕಿಯಿಂದ ಬರುವ ಹಣ, ಅದು ಮಾಲೀಕ ಕೊಡುವ ಸಂಬಳವಲ್ಲ. ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲಿನವರು ನೌಕರರಿಗೆ ಹಂಚಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನೇ ಹೇಳಿತು. ಹಾಗಿರುವಾಗ ಬಿಲ್ಲಿನ ಮೊತ್ತಕ್ಕೆ ಗಂಟು ಹಾಕಿ ಕೊಡುವುದು ಯಾತಕ್ಕೆ? ಇಬ್ಬರು ಚಿಕ್ಕ ಹೋಟೆಲಿನಲ್ಲಿ ತಿಂಡಿ ತಿಂದರೆ 180 ರೂಪಾಯಿ, ಮಾಲ್‌ನಲ್ಲಿ ಊಟ ಮಾಡಿದರೆ 1,800. ಹತ್ತು ಪರ್ಸೆಂಟ್ ಲೆಕ್ಕದಲ್ಲಿ ಒಬ್ಬರಿಗೆ 18, ಇನ್ನೊಬ್ಬರಿಗೆ 180. ಚಿಕ್ಕ ಹೋಟೆಲಿನ ಸಪ್ಲೈಯರ್ ಒಂದೇ ತೋಳಿನ ಮೇಲೆ ನಾಲ್ಕು ದೋಸೆ ತಟ್ಟೆ ಜೋಡಿಸಿಕೊಂಡು, ಇನ್ನೊಂದು ಕೈಯಲ್ಲಿ ಸಾಂಬಾರಿನ ಬಕೆಟ್ ಹಿಡಿದು, ಆರು ಟೇಬಲ್‌ಗಳ ಆರ್ಡರ್ ತಲೆಯಲ್ಲೇ ಇಟ್ಟುಕೊಂಡು ಓಡಾಡುತ್ತಾನೆ. ಅವನ ಕೆಲಸ ಹತ್ತರಲ್ಲಿ ಒಂದು ಪಾಲಿನದಲ್ಲ. ನನ್ನ ಮಟ್ಟಿಗೆ ಚಿಕ್ಕ ಹೋಟೆಲಿನಲ್ಲಿ ತಲೆಗೆ ಹತ್ತು ಹದಿನೈದು ರೂಪಾಯಿ, ದೊಡ್ಡ ಕಡೆ ಒಂದು ಟೇಬಲ್ಲಿಗೆ ಐವತ್ತರಿಂದ ನೂರು ಸರಿ. ನಾವೇ ಕೌಂಟರಿನಿಂದ ತಟ್ಟೆ ಎತ್ತಿಕೊಳ್ಳುವ ದರ್ಶಿನಿಯಲ್ಲಿ ಟಿಪ್ಸ್ ರೂಢಿಯೇ ಇಲ್ಲ. ಆದರೆ ಅಲ್ಲೂ ಎಂಜಲು ಲೋಟ ಎತ್ತಿ, ಟೇಬಲ್ ಒರೆಸುವ ಒಬ್ಬರು ಇದ್ದೇ ಇರುತ್ತಾರೆ. ದಿನಾ ಹೋಗುವವರು ವಾರಕ್ಕೊಮ್ಮೆ ಅವರ ಕೈಗೆ ಐವತ್ತು ಕೊಡಬಹುದು.

ದೊಡ್ಡ ರೆಸ್ಟೋರೆಂಟುಗಳ ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ಎಂಬ ಸಾಲು ಇದೆಯೇ ಎಂದು ನೋಡಿಕೊಳ್ಳಿ. ಅದು ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವುದೂ ಇಲ್ಲ. ಗಿರಾಕಿಯನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ರೆಸ್ಟೋರೆಂಟ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ತಡೆ ತಂದವು. 2025ರ ಮಾರ್ಚ್ 28ರಂದು ಅದೇ ಹೈಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಆದ್ದರಿಂದ ಆ ಸಾಲನ್ನು ತೆಗೆಯಿರಿ ಎಂದು ಧಾರಾಳವಾಗಿ ಕೇಳಬಹುದು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಒಂದು ವಿನಂತಿ: ಈ ವಾದವನ್ನು ಮ್ಯಾನೇಜರ್ ಹತ್ತಿರ ಮಾಡಿ. ಬಿಲ್ ತಂದ ಹುಡುಗ ಆ ಸಾಲನ್ನು ಹಾಕಿದವನಲ್ಲ, ಮಾತು ಕೇಳಬೇಕಾದವನೂ ಅವನಲ್ಲ. ತೆಗೆಸಿದ ಮೇಲೆ ಅದರಲ್ಲಿ ಒಂದು ಭಾಗವನ್ನಾದರೂ ನೋಟಿನಲ್ಲಿ ಅವನ ಕೈಗೇ ಕೊಡಿ. ಹಕ್ಕು ಚಲಾಯಿಸಿ ಬರಿಗೈಯಲ್ಲಿ ಎದ್ದು ಬಂದರೆ ಉಳಿತಾಯವಾಗುವುದು ನಮಗೆ ಮಾತ್ರ.

ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ಮನೆಮನೆಯಲ್ಲೂ ಜಗಳವಿದೆ. ರಸೀದಿಯ ಬೆಲೆಯಲ್ಲೇ ಮನೆಗೆ ತಂದುಕೊಡುವ ಖರ್ಚು ಸೇರಿರುತ್ತದೆ. ಅದರ ಮೇಲೆ ಐವತ್ತು ಕೊಟ್ಟರೇ ಇಳಿಸುತ್ತೇನೆ ಎಂದರೆ ಏಜೆನ್ಸಿಗೆ ದೂರು ಕೊಡಬೇಕಾದದ್ದೇ. ಆದರೆ ತುಂಬಿದ ಸಿಲಿಂಡರಿನ ಭಾರವೂ ಲೆಕ್ಕಕ್ಕೆ ಬರಬೇಕು. ಒಳಗಿನ ಅನಿಲ 14.2 ಕೆಜಿ, ಕಬ್ಬಿಣದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು ಮೂವತ್ತು ಕೆಜಿ. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳಲ್ಲಿ ಆತ ಮೊದಲು ಟವೆಲ್ ಮಡಚಿ ಹೆಗಲಿಗೆ ಹಾಕುತ್ತಾನೆ, ಒಂದು ಮಂಡಿ ಬಗ್ಗಿಸಿ ಸಿಲಿಂಡರನ್ನು ತೊಡೆಗೆ ಎತ್ತಿ, ಅಲ್ಲಿಂದ ಹೆಗಲಿಗೆ ಏರಿಸುತ್ತಾನೆ. ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಾನೆ. ಮೂರನೇ ಮಹಡಿಯಲ್ಲಿ ಇಳಿಸಿ, ಸೀಲ್ ಬಿಚ್ಚಿ, ವಾಷರ್ ಸರಿಯಿದೆಯೇ ನೋಡಿ, ಖಾಲಿ ಸಿಲಿಂಡರ್ ಹೊತ್ತು ಮತ್ತೆ ಇಳಿಯುತ್ತಾನೆ. ಕೆಳಗೆ ಗಾಡಿಯಲ್ಲಿ ಇನ್ನೆಷ್ಟೋ ಸಿಲಿಂಡರ್ ಕಾದಿರುತ್ತವೆ. ನೆಲಮಹಡಿಯಲ್ಲಿದ್ದರೆ, ಲಿಫ್ಟ್ ಇದ್ದರೆ ಹತ್ತಿಪ್ಪತ್ತು ಸಾಕು. ಹೊತ್ತು ಹತ್ತಿದವನಿಗೆ ಮಹಡಿಗೆ ಇಪ್ಪತ್ತರಂತೆ ಕೊಡಿ, ಕೇಳುವ ಮೊದಲೇ ಕೊಡಿ. ಒಂದು ಲೋಟ ನೀರನ್ನೂ ಕೊಡಿ. ಮನೆ ಬದಲಿಸುವಾಗ ಫ್ರಿಜ್, ಬೀರು ಹೊರುವವರಿಗೂ ಇದೇ ಲೆಕ್ಕ. ಅಲ್ಲಿ ಮಾತ್ರ ಮೇಸ್ತ್ರಿಯ ಕೈಗೆ ಒಟ್ಟಾಗಿ ಕೊಡದೆ ಒಬ್ಬೊಬ್ಬರಿಗೂ ಬೇರೆ ಬೇರೆ ಕೊಡಬೇಕು.

ಕೆಲಸ ಮುಗಿಯುವ ಮೊದಲೇ ಕೇಳುವ ದುಡ್ಡನ್ನು ನಾನು ಟಿಪ್ಸ್ ಎಂದು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಆಟೊ ದರ 2025ರ ಆಗಸ್ಟಿನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅದರ ಮೇಲೆ ಐವತ್ತು ಕೊಟ್ಟರೆ ಬರುತ್ತೇನೆ ಎನ್ನುವುದು ಬರೀ ದರ ಏರಿಕೆ. ಇದನ್ನೇ ಆ್ಯಪ್‌ಗಳು 'ಮುಂಗಡ ಟಿಪ್' ಎಂದು ಪರದೆಯ ಮೇಲೆ ತಂದಾಗ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ 2025ರ ಮೇ ತಿಂಗಳಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು, ಪ್ರಾಧಿಕಾರ ಊಬರ್‌ಗೆ ನೋಟಿಸನ್ನೂ ಕೊಟ್ಟಿತು. ಅವರ ಆಕ್ಷೇಪ ಸರಿಯಾಗಿಯೇ ಇತ್ತು. ಅರ್ಜೆಂಟಿನಲ್ಲಿ ಇರುವವರಿಂದ ಹೆಚ್ಚು ಕೀಳುವುದು ಹರಾಜು. ರಾತ್ರಿ ಹನ್ನೊಂದರ ಮಳೆಯಲ್ಲಿ ಮನೆ ಬಾಗಿಲವರೆಗೆ ಬಿಟ್ಟು, ಲಗೇಜ್ ಇಳಿಸಿಕೊಟ್ಟವರಿಗೆ ಇಳಿದ ಮೇಲೆ ಮೂವತ್ತು ಕೊಡುವುದು ಬೇರೆ ಮಾತು. ಊಟ, ಸಾಮಾನು ತಂದುಕೊಡುವ ಡೆಲಿವರಿ ಹುಡುಗರಿಗೂ ಮಳೆಗೆ, ಹೊತ್ತಿಗೆ, ಮೆಟ್ಟಿಲಿಗೆ ತಕ್ಕಂತೆ ಇಪ್ಪತ್ತು ಮೂವತ್ತು ಕೈಗೇ ಕೊಡಿ.

ಆಸ್ಪತ್ರೆಯ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಹೆರಿಗೆ ವಾರ್ಡಿನಲ್ಲಿ ಮಗುವನ್ನು ತಂದು ತೋರಿಸುವ ಮೊದಲು ಕೈಚಾಚುವುದು, ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಕೇಳುವುದು ನಮ್ಮ ಊರುಗಳಲ್ಲಿ ಹೊಸದಲ್ಲ. ಸ್ಟ್ರೆಚರ್ ತಳ್ಳಲು, ಶವ ಬಿಟ್ಟುಕೊಡಲು ಕೇಳುವುದೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಲಂಚ. ಖುಷಿಗೆ ಕೊಡಿ ಎಂದು ಕೇಳಿದರೂ ಲಂಚವೇ, ಅದಕ್ಕೆ ಲೋಕಾಯುಕ್ತ ಇದೆ. ಆದರೆ ದುಡ್ಡು ಕೇಳುವವರನ್ನು ಕಂಡ ಬೇಸರದಲ್ಲಿ, ಖಾಸಗಿ ಆಸ್ಪತ್ರೆಯಲ್ಲಿ ಕೇಳದೆಯೇ ಸೇವೆ ಮಾಡಿದ ಆಯಾಗಳನ್ನು ಮರೆಯಬಾರದು. ಎಂಟು ದಿನ ಅಪ್ಪನ ಬೆಡ್‌ಪ್ಯಾನ್ ಬದಲಿಸಿ, ಮೈ ಒರೆಸಿ, ಬೆನ್ನಿಗೆ ಪೌಡರ್ ಹಚ್ಚಿ ಮಗ್ಗುಲು ತಿರುಗಿಸಿದ ಹೆಂಗಸಿಗೆ ಡಿಸ್ಚಾರ್ಜ್ ದಿನ ಐನೂರು ರೂಪಾಯಿ ಏನೇನೂ ದೊಡ್ಡದಲ್ಲ. ಆಸ್ಪತ್ರೆ ಅದಕ್ಕೆ ಅವಕಾಶ ಕೊಡದಿದ್ದರೆ ಆಕೆಯ ಹೆಸರು ಬರೆದು ಮೇಲಿನವರಿಗೆ ಒಂದು ಪತ್ರ ಕೊಡಿ.

ಹಬ್ಬದ ಇನಾಮಿನ ಲೆಕ್ಕ ಸುಲಭ. ಕಾರ್ಖಾನೆ, ಕಂಪನಿಗಳಿಗೆ ಕಾನೂನು ಹೇಳುವ ಕನಿಷ್ಠ ಬೋನಸ್ ವರ್ಷದ ವೇತನದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರು, ಅಡಿಗೆ ಮಾಡುವವರು ಆ ಕಾನೂನಿನೊಳಗೆ ಬರುವುದಿಲ್ಲ. ಬಾರದಿದ್ದರೂ ದೀಪಾವಳಿಗೆ ಅಷ್ಟನ್ನೇ ಕೊಡೋಣ. ಕಚೇರಿಯಲ್ಲಿ ನಮಗೆ ಬೇಕೆನಿಸುವುದು ನಮ್ಮ ಮನೆಯಲ್ಲಿ ದುಡಿಯುವವರಿಗೂ ಬೇಕು. ಒಂದು ಸೀರೆ ಕೊಟ್ಟು ಬೋನಸ್ ಮುಗಿಯಿತು ಅನ್ನುವುದು ಬೇಡ. ವಾಚ್‌ಮನ್, ಕಸ ಒಯ್ಯುವ ಪೌರಕಾರ್ಮಿಕರಿಗೆ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಕೊಟ್ಟರೆ ಒಬ್ಬೊಬ್ಬರ ಪಾಲಿಗೆ ಬರುವುದು ಸಣ್ಣ ಮೊತ್ತ.

ಕೊನೆಗೆ ಮದುವೆ ಮನೆ. ಕಲ್ಯಾಣಮಂಟಪದಲ್ಲಿ ಕೊಡುವ ಕೈ ಧಾರಾಳವಾಗಿಯೇ ಇರುತ್ತದೆ. ವಾಲಗದವರಿಗೆ, ಪುರೋಹಿತರಿಗೆ, ಫೋಟೊದವರಿಗೆ ಬಿಲ್ಲಿನ ಮೇಲೂ ಕವರ್ ಹೋಗುತ್ತದೆ. ಅಡಿಗೆ ಭಟ್ಟರು ತಟ್ಟೆಯಲ್ಲಿ ತಾಂಬೂಲ ಇಟ್ಟುಕೊಂಡು ಬಂದು ಹೆಣ್ಣಿನ ತಂದೆಯ ಮುಂದೆ ನಿಂತರೆ ಅವರಿಗೂ ಸಲ್ಲುತ್ತದೆ. ಅದೇ ಹೊತ್ತಿಗೆ ಊಟದ ಹಾಲಿನ ಹಿಂಬದಿಗೆ ಹೋಗಿ ನೋಡಿ. ನಲ್ಲಿಯ ಹತ್ತಿರ, ಪಾದ ಮುಳುಗುವ ನೀರಿನಲ್ಲಿ, ಸೀರೆ ಎತ್ತಿಕಟ್ಟಿಕೊಂಡು ಏಳೆಂಟು ಹೆಂಗಸರು ಕೂತಿರುತ್ತಾರೆ. ಮುಂದೆ ಅನ್ನದ ಕೊಳದಪ್ಪಲೆಗಳು, ತಳ ಹಿಡಿದ ಪಾಯಸದ ಪಾತ್ರೆ, ಒಳಗೆ ಆಳು ಇಳಿದು ಉಜ್ಜುವಷ್ಟು ದೊಡ್ಡ ಹಂಡೆ. ಬೆಳಗಿನ ಜಾವ ತಿಂಡಿ ಪಾತ್ರೆಯಿಂದ ಶುರುವಾದದ್ದು ಸಂಜೆ ಆರತಕ್ಷತೆಯ ಊಟದ ಪಾತ್ರೆ ಮುಗಿಯುವವರೆಗೆ ನಡೆಯುತ್ತದೆ. ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಕ್ಕಾಗಿರುತ್ತದೆ. ಬೀಗರು ಹೊರಟು, ಕಾರಿನ ಬಾಗಿಲು ಹಾಕಿದ ಮೇಲೂ ಅವರು ಅಲ್ಲೇ ಇರುತ್ತಾರೆ. ತಾಂಬೂಲದ ತಟ್ಟೆ ಹಿಡಿದು ಮುಂದೆ ಬರುವ ಅಭ್ಯಾಸ ಅವರಿಗಿಲ್ಲ, ಕರೆದವರೂ ಇಲ್ಲ.

ಮಾಗಿಯ ಮುಹೂರ್ತಗಳು ಬಂದರೆ ಎಷ್ಟೋ ಮನೆಗಳಲ್ಲಿ ಖರ್ಚಿನ ಪಟ್ಟಿ ಬರೆಯುತ್ತಾರೆ. ಅದರಲ್ಲಿ ಒಂದು ಸಾಲು ಸೇರಿಸಿ. ಅಡಿಗೆ ಕಂಟ್ರಾಕ್ಟರರಿಗೆ ಅಡ್ವಾನ್ಸ್ ಕೊಡುವ ದಿನವೇ ಪಾತ್ರೆ ತೊಳೆಯಲು ಎಷ್ಟು ಜನ ಬರುತ್ತಾರೆಂದು ಕೇಳಿಟ್ಟುಕೊಳ್ಳಿ. ಅಷ್ಟು ಕವರ್, ಒಂದೊಂದರಲ್ಲಿ ಇನ್ನೂರು ಮುನ್ನೂರು ರೂಪಾಯಿ. ಕಂಟ್ರಾಕ್ಟರರ ಕೈಯಲ್ಲಿ ಕಳಿಸಬೇಡಿ, ಮನೆಯವರಲ್ಲೇ ಒಬ್ಬರು ಹೋಗಿ ಕೊಡಲಿ. ಅವರ ಊಟ ಆಯಿತೇ ಎಂದು ಕೇಳಿಯೇ ಬರಲಿ. ಆಗಿಲ್ಲದಿದ್ದರೆ ಹಾಲಿನ ಒಳಗೆ, ನೆಂಟರು ಕೂತ ಮೇಜಿನಲ್ಲೇ ಎಲೆ ಹಾಕಿಸಿ.